ನಲವತ್ತೊಂದನೇ ನಂಬರಿನ ಅಂಗಿ

೧

ಎಲ್ಲಿಂದ ಶುರು ಮಾಡುವುದು? ಹತ್ತು ಸಲ ಶುರು ಮಾಡಿ ಹರಿದಿದ್ದೇನೆ. ಇದು ಹನ್ನೊಂದನೆಯದು.

ಮೊದಲನೆಯದು ಹೀಗಿತ್ತು: ‘ಮಂಜು ಮುಸುಕಿದ ಮುಂಜಾನೆ ಕುದುರೆಗಾಡಿಯೊಂದು ಅನಾಥಾಲಯದ ಗೇಟಿನ ಮುಂದೆ ಬಂದು ನಿಂತಿತು.’ ಬರೆದ ಕೂಡಲೇ ನನ್ನೊಳಗಿನ ಹಳೇ ಉಪಸಂಪಾದಕ ಕೆಮ್ಮಿದ. ಮಂಜು ಇತ್ತು ಅಂತ ಹೇಳಿದವರು ಯಾರು? ಕುದುರೆ ಒಂದೋ ಎರಡೋ? ಅಷ್ಟು ಮಂಜಿನಲ್ಲಿ ಗೇಟು ಕಂಡದ್ದು ಹೇಗೆ? ಹರಿದೆ.

ಆರನೆಯದನ್ನು ನನಗೆ ಬರುವ ರೀತಿಯಲ್ಲೇ ಬರೆದೆ: ‘ಅನಾಥಾಲಯದಲ್ಲಿ ಬೆಳೆದ ಇಪ್ಪತ್ತು ವರ್ಷದ ಯುವತಿಯೊಬ್ಬಳು ನಗರದ ಹೆಸರಾಂತ ಕೊಡೆ ಕಾರ್ಖಾನೆಯ ಏಕೈಕ ವಾರಸುದಾರಳೆಂದು ತಿಳಿದುಬಂದಿದೆ.’ ಚೆನ್ನಾಗಿಯೇ ಇತ್ತು. ತೊಂದರೆ ಏನೆಂದರೆ ಕಾದಂಬರಿ ಒಂದೇ ವಾಕ್ಯದಲ್ಲಿ ಮುಗಿದುಹೋಯಿತು. ಉಳಿದ ಮುನ್ನೂರು ಪುಟದಲ್ಲಿ ಏನು ಬರೆಯಲಿ?

(ನಾನು ಪತ್ರಿಕೆಯ ಡೆಸ್ಕಿನಲ್ಲಿ ಇಪ್ಪತ್ತಾರು ವರ್ಷ ಇದ್ದವನು. ಕೊನೆಯ ಒಂಬತ್ತು ವರ್ಷ ನನ್ನ ಪಾಲಿಗೆ ಬಂದದ್ದು ‘ತಿದ್ದುಪಡಿ’ ಕಾಲಂ. ನಿಧನರಾದರೆಂದು ನಿನ್ನೆ ಪ್ರಕಟಿಸಿದವರು ಆರೋಗ್ಯವಾಗಿದ್ದಾರೆ, ಪ್ರಮಾದಕ್ಕೆ ವಿಷಾದಿಸುತ್ತೇವೆ, ಇಂಥವು. ನಿವೃತ್ತಿಯಾದ ಮೇಲೆ ಚಾರಿತ್ರಿಕ ಪ್ರೇಮಕಾದಂಬರಿ ಬರೆಯುತ್ತೇನೆ ಎಂದಾಗ ಗೆಳೆಯರು ನಕ್ಕರು. ಚರಿತ್ರೆ ಇರಲಿ, ಪ್ರೇಮ ನಿನ್ನ ಕೈಲಿ ಆಗುತ್ತೇನಯ್ಯಾ ಎಂದು ಒಬ್ಬ ಬಾಯಿಬಿಟ್ಟೇ ಕೇಳಿದ.)

೨

ಆದ್ದರಿಂದ ಶುರುವಿನ ಗೊಡವೆ ಬಿಟ್ಟು, ಖಚಿತವಾದಷ್ಟನ್ನು ಮೊದಲು ಹೇಳಿಬಿಡುತ್ತೇನೆ.

ಕಾಲ: ಬೀದಿಯಲ್ಲಿ ಗ್ಯಾಸ್ ದೀಪ ಬಂದಿದೆ, ವಿದ್ಯುತ್ ಬಂದಿಲ್ಲ. ಹೊಲಿಗೆ ಯಂತ್ರ ಬಂದಿದೆ, ಆದರೆ ಅನಾಥಾಲಯಕ್ಕೆ ಬಂದಿಲ್ಲ. ಅಲ್ಲಿ ನೂರಿಪ್ಪತ್ತು ಮಂಚ, ಗೋಡೆಗೆ ನೂರಿಪ್ಪತ್ತು ಗೂಟ, ಒಂದೊಂದು ಗೂಟಕ್ಕೆ ಒಂದೊಂದು ಅಂಗಿ. ಅಂಗಿಯ ಕೊರಳಪಟ್ಟಿಯ ಒಳಗೆ ಕೆಂಪು ನೂಲಿನಲ್ಲಿ ನಂಬರ್. ಮಕ್ಕಳನ್ನು ಕರೆಯುವುದೂ ಅದರಿಂದಲೇ. ಊಟಕ್ಕೆ ಬಾರೇ ಹದಿನೇಳು, ಮೂಗು ಒರೆಸಿಕೋ ತೊಂಬತ್ತು.

ನಮ್ಮ ಕಥಾನಾಯಕಿ ನಲವತ್ತೊಂದು. ಬಟ್ಟೆ ಕೋಣೆಯಲ್ಲಿ ಹರಿದದ್ದಕ್ಕೆ ತೇಪೆ ಹಾಕುವುದು ಅವಳ ಕೆಲಸ. ಎರಡನೇ ಅಧ್ಯಾಯದಲ್ಲಿ ಅವಳ ಬಗ್ಗೆ ಒಂದು ಪ್ಯಾರಾ ಬರೆದಿದ್ದೇನೆ. ಅದನ್ನು ಇಲ್ಲಿ ಹಾಗೇ ಕೊಡುತ್ತೇನೆ, ಯಾಕೆಂದರೆ ಎಡವಟ್ಟು ಇರುವುದು ಅಲ್ಲೇ:

‘ಅನಾಥಾಲಯಕ್ಕೆ ಬಂದ ದಿನ ಅವಳಿಗೆ ನೆನಪಿದೆ. ನಾಲ್ಕು ವರ್ಷವಿರಬಹುದು. ಯಾರದೋ ಬೆರಳು ಹಿಡಿದು ನಡೆದು ಬಂದಿದ್ದಳು. ಉಗುರು ಒರಟಾಗಿತ್ತು. ಗೇಟಿನ ಹತ್ತಿರ ಆ ಬೆರಳು ತುಂಬ ಹೊತ್ತು ಅವಳ ಕೈ ಬಿಡಲಿಲ್ಲ.’

ಬರೆದಾಗ ನನಗೇ ಕಣ್ಣು ಒದ್ದೆಯಾಗಿತ್ತು. ಒದ್ದೆ ಕಣ್ಣಿನಲ್ಲಿ ಕಾಪಿ ತಿದ್ದಬಾರದು ಅಂತ ಪತ್ರಿಕೆಯ ನಮ್ಮ ಚೀಫ್ ಸಬ್ ಎಡಿಟರ್ ಹೇಳುತ್ತಿದ್ದರು.

೩

ಗುಮಾಸ್ತ ಬರುತ್ತಾನೆ. ವಕೀಲರ ಕಚೇರಿಯವನು, ಇಪ್ಪತ್ತೇಳು ವರ್ಷ, ಶಾಯಿ ಹತ್ತಿದ ತೋಳು, ಯಾವ ಕಾಗದವನ್ನಾದರೂ ಎರಡು ಸಲ ಓದುವ ಅಭ್ಯಾಸ. (ನಾಯಕನಿಗೆ ಕುದುರೆ ಸವಾರಿ, ಕತ್ತಿವರಸೆ ಕೊಡಬೇಕಿತ್ತು. ನನಗೆ ಗೊತ್ತಿದ್ದುದನ್ನು ಕೊಟ್ಟಿದ್ದೇನೆ.) ಕೊಡೆ ಕಾರ್ಖಾನೆಯ ಸಾಹುಕಾರರು ತೀರಿಕೊಂಡಿದ್ದಾರೆ. ಉಯಿಲಿನಲ್ಲಿ ಒಂದು ಗುಟ್ಟು ಒಪ್ಪಿಕೊಂಡಿದ್ದಾರೆ: ಯಾರಿಗೂ ಹೇಳದೆ ಮಾಡಿಕೊಂಡ ಮದುವೆ, ಹೆರಿಗೆಯಲ್ಲೇ ಹೋದ ಹೆಂಡತಿ, ಅನಾಥಾಲಯಕ್ಕೆ ಬಿಟ್ಟುಬಂದ ಮಗಳು. ಅಲ್ಲಿ ಕೊಟ್ಟ ಚೀಟಿಯನ್ನು ಇಪ್ಪತ್ತು ವರ್ಷ ಇಟ್ಟುಕೊಂಡಿದ್ದರು. ಚೀಟಿಯಲ್ಲಿ ನಂಬರ್ ನಲವತ್ತೊಂದು.

ಗುಮಾಸ್ತ ವಿಚಾರಿಸಿದ. ನಲವತ್ತೊಂದು ಯಾರು? ಬಟ್ಟೆ ಕೋಣೆಯ ಹುಡುಗಿ. ವಯಸ್ಸು? ಇಪ್ಪತ್ತು. ಸರಿಹೋಯಿತಲ್ಲ.

ಅವಳು ಸೂಜಿಯನ್ನು ರವಿಕೆಗೆ ಚುಚ್ಚಿಕೊಂಡು ಎದ್ದು ಬಂದಳು. ತನ್ನನ್ನು ಕೇಳಿಕೊಂಡು ಇವತ್ತಿನವರೆಗೆ ಯಾರೂ ಬಂದಿಲ್ಲ, ನಂಬರ್ ಇನ್ನೊಂದು ಸಲ ನೋಡಿ ಎಂದಳಂತೆ. ಅವನು ಇನ್ನೊಂದು ಸಲ ನೋಡಿದ. ಅಭ್ಯಾಸ. ಆಮೇಲೆ ಅವಳನ್ನೂ ಇನ್ನೊಂದು ಸಲ ನೋಡಿದ. ಪ್ರೇಮ ಶುರುವಾದದ್ದು ಅಲ್ಲಿ. ಇದಕ್ಕಿಂತ ಚೆನ್ನಾಗಿ ಬರೆಯಲು ನನಗೆ ಬರುವುದಿಲ್ಲ.

೫

(ನಾಲ್ಕನ್ನು ಹರಿದೆ. ನಾಯಕಿ ಮೊದಲ ಬಾರಿ ರೇಷ್ಮೆ ಉಟ್ಟು ಕನ್ನಡಿ ನೋಡಿಕೊಳ್ಳುವ ದೃಶ್ಯ. ಅಂಥದ್ದನ್ನು ನೀವು ನೂರು ಓದಿದ್ದೀರಿ.)

ಸಾಹುಕಾರರ ಮನೆಯಲ್ಲಿ ಈಗ ಇರುವುದು ಒಬ್ಬರೇ, ಅವರ ಅಕ್ಕ. ಅಂದರೆ ಹುಡುಗಿಗೆ ಸೋದರತ್ತೆ. ಅರವತ್ತು ದಾಟಿದೆ, ಮದುವೆಯಾಗಿಲ್ಲ, ಕಾರ್ಖಾನೆ ನಡೆಸುತ್ತಿರುವುದು ಅವರೇ. ಹೊಲಿದು ಮುಗಿದ ಕೊಡೆಯನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಬಟ್ಟೆಯಲ್ಲಿ ಸೂಜಿ ತಪ್ಪಿ ಬಿದ್ದ ತೂತಿದ್ದರೆ ಒಳಗಿನಿಂದ ಚುಕ್ಕಿಯ ಹಾಗೆ ಕಾಣುತ್ತದೆ. ಕಂಡರೆ ಹೊಲಿದವರ ಗತಿ ಮುಗಿಯಿತು.

ಹುಡುಗಿ ಬಂದ ಮೊದಲ ವಾರ ಅತ್ತೆ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ತಮ್ಮ ತನ್ನಿಂದ ಇಷ್ಟು ದೊಡ್ಡದನ್ನು ಮುಚ್ಚಿಟ್ಟನಲ್ಲ ಅನ್ನುವ ಸಿಟ್ಟು. ಎರಡನೇ ವಾರ ಹುಡುಗಿ ಒಂದು ಕೊಡೆ ಹೊಲಿದಳು. ಎಂಟು ತುಂಡು ಬಟ್ಟೆ, ಎಂಟು ಕೂಡು. ಅತ್ತೆ ಬೆಳಕಿಗೆ ಹಿಡಿದು ತುಂಬ ಹೊತ್ತು ತಿರುಗಿಸಿದರು. ಒಂದೂ ಚುಕ್ಕಿ ಇಲ್ಲ.

“ಇದು ರಕ್ತದಲ್ಲೇ ಬಂದದ್ದು,” ಎಂದರು. ಅವತ್ತಿನಿಂದ ಅವಳು ತಟ್ಟೆ ಮುಂದೆ ಕೂರುವವರೆಗೂ ಅವರು ಊಟಕ್ಕೆ ಕೈಹಾಕಲಿಲ್ಲ.

ಉಯಿಲನ್ನು ವಿಧಿವತ್ತಾಗಿ ಓದಿದ್ದೂ ಇದೇ ಅಧ್ಯಾಯದಲ್ಲಿ. ವಕೀಲರು ಕನ್ನಡಕ ಏರಿಸಿ ಓದಿದರು: ‘ಹನ್ನೊಂದು ದಿನದ ಕೂಸನ್ನು ಬುಟ್ಟಿಯಲ್ಲಿಟ್ಟು ಬಂದೆ.’ ಬರುವ ಸೋಮವಾರ ಹನ್ನೊಂದು ಗಂಟೆಗೆ, ತಾನೇ ಆ ಮಗಳೆಂದು ಪ್ರಮಾಣ ಮಾಡಿ ಅವಳು ಸಹಿ ಹಾಕಬೇಕು.

ಈ ಅಧ್ಯಾಯ ಮುಗಿಸಿದಾಗ ನನಗೆ ಬಹಳ ಸಮಾಧಾನವಾಗಿತ್ತು.

೬

ನನ್ನ ಅಕ್ಕ ನಿವೃತ್ತ ಮೇಷ್ಟ್ರು. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವಳು, ಕೆಂಪು ಪೆನ್ನು ಈಗಲೂ ಬ್ಯಾಗಿನಲ್ಲಿ ಇರುತ್ತದೆ. ಪ್ರೇಮಕಾದಂಬರಿಗಳೆಂದರೆ ಪ್ರಾಣ. ಐದನೇ ಅಧ್ಯಾಯದವರೆಗೆ ಒಂದೇ ಗುಕ್ಕಿಗೆ ಓದಿ ಫೋನ್ ಮಾಡಿದಳು. ಹುಡುಗಿ ಇಷ್ಟವಾದಳಂತೆ. ಗುಮಾಸ್ತ ಸ್ವಲ್ಪ ಸಪ್ಪೆಯಂತೆ, ಪರವಾಗಿಲ್ಲವಂತೆ. ಮದುವೆ ಯಾವಾಗ ಮಾಡಿಸ್ತೀಯ ಎಂದಳು. ಇಡುವ ಮುಂಚೆ, ಏನೋ ಮರೆತವಳ ಹಾಗೆ:

“ಅಲ್ಲ ಕಣೋ, ಹನ್ನೊಂದು ದಿನದ ಕೂಸು ಬೆರಳು ಹಿಡ್ಕೊಂಡು ನಡ್ಕೊಂಡು ಹೇಗೋ ಬಂತು?”

ನಾನು ಮೇಜಿನ ಮೇಲೆ ಕನ್ನಡಕ ಹುಡುಕಿದೆ.

“ತಿದ್ದುಪಡಿ ಸಾಹೇಬರೇ, ಇದ್ದೀರಾ?”

ಎರಡನೇ ಅಧ್ಯಾಯ ತೆಗೆದೆ. ಐದನೆಯದನ್ನೂ ತೆಗೆದೆ. ಅವಳು ಹೇಳಿದ್ದು ಸರಿ. ಒಂಬತ್ತು ವರ್ಷ ಊರಿನವರ ತಪ್ಪನ್ನೆಲ್ಲ ಹೆಕ್ಕಿದವನು ನಾನು. ದೀಪದ ಬುಡದಲ್ಲೇ ಕತ್ತಲೆ.

ಆಮೇಲೆ ಕೂತು ಯೋಚಿಸಿದಾಗ ಮೊದಲೇ ತೋಚಬೇಕಿದ್ದ ಇನ್ನೊಂದು ವಿಷಯ ತೋಚಿತು. ಮಂಚ ನೂರಿಪ್ಪತ್ತು. ಎಷ್ಟೋ ದಶಕದಿಂದ ಮಕ್ಕಳು ಬರುತ್ತಲೇ ಇದ್ದಾರೆ, ಹೋಗುತ್ತಲೇ ಇದ್ದಾರೆ. ಆದರೂ ಅಂಗಿಯ ನಂಬರ್ ನೂರಿಪ್ಪತ್ತನ್ನು ಯಾವತ್ತೂ ದಾಟಿಲ್ಲ. ಅಂದರೆ ಒಂದು ಮಗು ಹೋದರೆ ಅದರ ನಂಬರ್, ಅದರ ಗೂಟ, ಅದರ ಅಂಗಿ ಮುಂದಿನ ಮಗುವಿಗೆ. ಅನಾಥಾಲಯದೊಳಗೆ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಗೊತ್ತಿದ್ದದ್ದರಿಂದಲೇ ಯಾರೂ ಹೇಳಲಿಲ್ಲ. ಗುಮಾಸ್ತನ ಕಚೇರಿಯಲ್ಲಿ ಒಂದು ಕಡತಕ್ಕೆ ಕೊಟ್ಟ ನಂಬರನ್ನು ಇನ್ನೊಂದಕ್ಕೆ ಕೊಡುವುದಿಲ್ಲ. ಅದಕ್ಕೇ ಅವನೂ ಕೇಳಲಿಲ್ಲ.

ಸಾಹುಕಾರರ ಮಗಳು ನಲವತ್ತೊಂದು, ನಿಜ. ಆದರೆ ಅವಳು ಇವಳಲ್ಲ. ಇವಳು ಅವಳ ನಂತರದ ನಲವತ್ತೊಂದು.

೭

ಕಥಾನಾಯಕಿಯ ಹತ್ತಿರ ಹೋಗಿ ಹೇಳಿದೆ. (ಹೇಗೆ ಹೋದಿರಿ ಅಂತ ಕೇಳಬೇಡಿ. ಬರೆಯುವವರಿಗೆ ಒಂದು ಹಿತ್ತಲ ಬಾಗಿಲು ಇರುತ್ತದೆ.) ಅವಳು ಕೊಡೆಯ ಬಟ್ಟೆಯ ತುದಿಯನ್ನು ಕಡ್ಡಿಗೆ ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ.

“ನನಗೆ ಐದನೇ ಅಧ್ಯಾಯದಲ್ಲೇ ಗೊತ್ತಾಯ್ತು ಸಾರ್. ಉಯಿಲು ಓದಿಸಿದ್ದು ನನ್ನ ಮುಂದೆ ತಾನೇ?”

“ಹೇಳಬಾರದಾಗಿತ್ತಾ?”

“ಅತ್ತೆ ಆಗಷ್ಟೇ ನನ್ನ ತಟ್ಟೆಗೆ ಬಡಿಸಿದ್ರು.”

ಪರಿಹಾರ ನನ್ನ ಕೈಲೇ ಇದೆ ಎಂದೆ. ಎರಡನೇ ಅಧ್ಯಾಯದ ಆ ಪ್ಯಾರಾ ಹೊಡೆದುಹಾಕುತ್ತೇನೆ. ನೀನು ನಡೆದು ಬರಲಿಲ್ಲ, ಬುಟ್ಟಿಯಲ್ಲಿ ಬಂದೆ. ಆಗ ನೀನೇ ಆ ಕೂಸು. ಮನೆ ನಿನ್ನದು, ಅತ್ತೆ ನಿನ್ನವರು, ಸೋಮವಾರದ ಪ್ರಮಾಣದಲ್ಲಿ ಸುಳ್ಳಿಲ್ಲ. ನನಗೆ ಬೇಕಾದದ್ದು ಪೆನ್ನಿನ ಒಂದು ಗೀಟು.

“ಆ ಬೆರಳು ಯಾರದು ಸಾರ್?”

“ಗೊತ್ತಿಲ್ಲ. ಬರೆದಿಲ್ಲ.”

“ನನಗೂ ಗೊತ್ತಿಲ್ಲ,” ಎಂದು ದಾರ ಕಚ್ಚಿ ತುಂಡು ಮಾಡಿದಳು. “ಅಲ್ಲಿ ಅಂಗಿ ಅವರದು, ಮಂಚ ಅವರದು, ನಂಬರ್ ಅವರದು. ಹೊರಗಿನಿಂದ ನಾನು ತಂದದ್ದು ಅದೊಂದೇ. ಅದನ್ನೇ ಹೊಡೆದುಹಾಕ್ತೀನಿ ಅಂತೀರಿ.”

“ಒಂದು ಪ್ಯಾರಾ ಕಣಮ್ಮ.”

“ನಿಮಗೆ ಪ್ಯಾರಾ.”

ಹಾಗಾದರೆ ಇನ್ನೊಂದು ಕಡೆ ತಿದ್ದೋಣ ಎಂದೆ. ಹನ್ನೊಂದು ದಿನ ಅನ್ನುವುದನ್ನು ನಾಲ್ಕು ವರ್ಷ ಮಾಡುತ್ತೇನೆ, ಆ ಬೆರಳು ಸಾಹುಕಾರರದೇ ಆಗಲಿ. ಹೇಳುತ್ತಿರುವಾಗಲೇ ಅದು ನಿಲ್ಲುವುದಿಲ್ಲ ಅಂತ ನನಗೆ ಗೊತ್ತಿತ್ತು. ನಾಲ್ಕು ವರ್ಷದ ಮಗುವನ್ನು ಊರಿನ ಕಣ್ಣಿಗೆ ಬೀಳದ ಹಾಗೆ ಬಚ್ಚಿಡುವುದು ಯಾವ ಸಾಹುಕಾರನ ಕೈಲೂ ಆಗದು. ಅವಳ ಆಕ್ಷೇಪ ಬೇರೆಯೇ ಇತ್ತು. ಬಿಟ್ಟುಹೋಗಿ ಇಪ್ಪತ್ತು ವರ್ಷ ತಿರುಗಿ ನೋಡದವರಿಗೆ ಆ ಬೆರಳನ್ನು ಕೊಡುವುದಿಲ್ಲ ಎಂದಳು. ಕೈ ಬಿಡಲಾಗದೆ ನಿಂತವರದು ಅದು.

ಎರಡೂ ಬೇಕು ಅವಳಿಗೆ. ಬೆರಳೂ ಬೇಕು, ಅತ್ತೆಯೂ ಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾನು ಯಾವ ಕಡೆಗೆ ಹೊಡೆಯಲಿ?

೮

ಹರಿದುಹಾಕಿದ ಮುಕ್ತಾಯಗಳು.

ಮೊದಲನೆಯದು: ಸುಮ್ಮನಿದ್ದುಬಿಡುತ್ತಾಳೆ. ಸಹಿ ಹಾಕುತ್ತಾಳೆ, ಗುಮಾಸ್ತನನ್ನು ಮದುವೆಯಾಗುತ್ತಾಳೆ, ನನ್ನ ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾಳೆ. ಯಾರಿಗೂ ಗೊತ್ತಾಗುವುದಿಲ್ಲ. ಆದರೆ ನನಗೆ ಗೊತ್ತಲ್ಲ, ಈಗ ನಿಮಗೂ ಗೊತ್ತು.

ಎರಡನೆಯದು: ಅತ್ತೆಗೆ ಮೊದಲಿನಿಂದಲೂ ಗೊತ್ತಿತ್ತು, ಪ್ರೀತಿಯಿಂದ ಸುಮ್ಮನಿದ್ದರು. ಬರೆದು ಅರ್ಧ ಪುಟವಾಗಿತ್ತು, ಅತ್ತೆಯೇ ತಡೆದರು. ತನಗೆ ಗೊತ್ತಿರಲಿಲ್ಲ, ಗೊತ್ತಿತ್ತು ಅಂತ ಬರೆದು ತನ್ನನ್ನು ದೊಡ್ಡವಳನ್ನಾಗಿ ಮಾಡಬೇಡ ಎಂದರು. (ಅವರಿಗೆ ಆಗಿನ್ನೂ ವಿಷಯವೇ ತಿಳಿಯದು. ಹಾಗಿದ್ದೂ ಹೇಗೆ ತಡೆದರು ಅಂತ ಅಕ್ಕ ಮಾರ್ಜಿನ್ನಿನಲ್ಲಿ ಕೆಂಪಗೆ ಗೀಚಿದ್ದಾಳೆ. ಅರ್ಧ ಅಂಕ ಕಳೆಯಿರಿ.)

ಮೂರನೆಯದು ನನ್ನ ಕುಲಕಸುಬಿಗೆ ತಕ್ಕದ್ದು: ‘ಕೊಡೆ ಕಾರ್ಖಾನೆಯ ವಾರಸುದಾರಳೆಂದು ಹಿಂದಿನ ಅಧ್ಯಾಯಗಳಲ್ಲಿ ತಿಳಿಸಲಾದ ಯುವತಿ ಆ ವ್ಯಕ್ತಿಯಲ್ಲ. ಪ್ರಮಾದಕ್ಕೆ ವಿಷಾದಿಸುತ್ತೇವೆ.’ ಇದನ್ನು ಹುಡುಗಿಗೆ ತೋರಿಸಿದೆ. ಓದಿ, ಇದರಲ್ಲಿ ನಾನು ಆಮೇಲೆ ಎಲ್ಲಿಗೆ ಹೋದೆ ಅಂತ ಇಲ್ಲವಲ್ಲ ಎಂದಳು.

ಒಂಬತ್ತು ವರ್ಷದಲ್ಲಿ ಒಂದು ತಿದ್ದುಪಡಿಯಲ್ಲೂ ನಾನು ಅದನ್ನು ಬರೆದವನಲ್ಲ.

೯

ಅವಳು ಗುಮಾಸ್ತನಿಗೆ ಹೇಳಿದಳು. ಶುಕ್ರವಾರ, ವಕೀಲರ ಕಚೇರಿಯ ಮೆಟ್ಟಿಲ ಮೇಲೆ, ಊಟದ ಬಿಡುವಿನಲ್ಲಿ. ಅವನು ಕೇಳಿಸಿಕೊಂಡು ಎರಡು ಮೆಟ್ಟಿಲು ಕೆಳಗೆ ಹೋಗಿ ಕೂತ. ನಂಬರ್ ನೋಡಿದೆ, ತಾರೀಖು ನೋಡಲಿಲ್ಲ ಎಂದು ತನಗೇ ಎರಡು ಸಲ ಹೇಳಿಕೊಂಡ. ವಿಷಯ ಹೊರಬಿದ್ದರೆ ಅವನ ಕೆಲಸ ಹೋಗುತ್ತದೆ. ಅದನ್ನು ಅವನು ಹೇಳಲಿಲ್ಲ, ನಾನು ಹೇಳುತ್ತಿದ್ದೇನೆ.

ಈಗ ಏನು ಮಾಡಲಿ ಎಂದು ಅವಳು ಕೇಳಿದಳು.

“ನಾನು ಸಲಹೆ ಕೊಡೋ ಹಾಗಿಲ್ಲ,” ಎಂದ.

“ಯಾಕೆ?”

“ನನಗೆ ಇದರಲ್ಲಿ ಸ್ವಾರ್ಥ ಇದೆ. ನೀವು ಕೊಡೆ ಸಾಹುಕಾರರ ಮಗಳಾದರೆ ನಾನು ಕಾಗದ ತಂದುಕೊಡೋನು. ಬಟ್ಟೆ ಕೋಣೆಯವರಾದರೆ...” ಅಲ್ಲಿಗೆ ನಿಲ್ಲಿಸಿ, ಮಡಿಲಲ್ಲಿದ್ದ ಕಾಗದಗಳ ಅಂಚು ಸರಿಮಾಡತೊಡಗಿದ.

(ಅಕ್ಕ ಇಲ್ಲಿ ಮಾರ್ಜಿನ್ನಿನಲ್ಲಿ ಬರೆದಿದ್ದಾಳೆ: ‘ಸಪ್ಪೆ ಅಂದದ್ದು ವಾಪಸ್.’)

ಹತ್ತು ಆಗಬೇಕಿತ್ತು, ನಂಬರ್ ಹಾಕಲು ಮನಸ್ಸಿಲ್ಲ

ಶನಿವಾರ ಮಧ್ಯಾಹ್ನ. ಕೆಲಸದವರೆಲ್ಲ ಮನೆಗೆ ಹೋಗಿದ್ದಾರೆ. ಕೋಣೆ ತುಂಬ ಕರಿ ಬಟ್ಟೆಯ ಚೂರು. ಅತ್ತೆ ವಾರದ ಕೊನೆಯ ಕೊಡೆಗಳನ್ನು ಬೆಳಕಿಗೆ ಹಿಡಿಯುತ್ತಿದ್ದಾರೆ. ಹುಡುಗಿ ಎದುರಿಗೆ ನಿಂತು ಹೇಳಿದಳು. ಬುಟ್ಟಿಯ ಕೂಸು ತಾನಲ್ಲ, ನಡೆದು ಬಂದವಳು, ನಂಬರ್ ತನಗೆ ಇನ್ನೊಬ್ಬಳಿಂದ ಬಂದದ್ದು. ಗೊತ್ತಾಗಿ ಒಂದು ವಾರವಾಯಿತು, ಹೇಳದೆ ಇದ್ದೆ. ‘ಅತ್ತೆ’ ಎಂದು ಶುರು ಮಾಡಿದವಳು ಕೊನೆಯಲ್ಲಿ ‘ಅಮ್ಮಾವ್ರೇ’ ಎಂದಳು.

ಇಲ್ಲಿ ನಾನು ಅತ್ತೆಗೆ ಎರಡು ಪುಟದ ಮಾತು ಬರೆದಿಟ್ಟಿದ್ದೆ. ಸಿಟ್ಟು, ಕಣ್ಣೀರು, ಕ್ಷಮೆ. ಅವರು ಅದರಲ್ಲಿ ಒಂದನ್ನೂ ಆಡಲಿಲ್ಲ. ಕೊಡೆಯನ್ನು ನಿಧಾನವಾಗಿ ಮಡಚಿದರು.

“ಆ ಅಂಗಿ ನಿನಗೆ ಸರಿಯಾಗಿ ಆಗ್ತಿತ್ತಾ?”

ಹುಡುಗಿಗೆ ಅರ್ಥವಾಗಲಿಲ್ಲ.

“ನೀನು ಅಲ್ಲಿಗೆ ಹೋದ ದಿನ ಹಾಕಿದರಲ್ಲ, ನಲವತ್ತೊಂದು ಅಂತ ಇದ್ದ ಅಂಗಿ.”

“ಆಗ್ತಿತ್ತು. ತೋಳು ಮಾತ್ರ ಉದ್ದ. ಮಡಚಿ ಹೊಲಿದುಕೊಟ್ರು.”

“ಎಷ್ಟು ಮಡಚಿದ್ರು?”

ಹುಡುಗಿ ಬೆರಳು ಅಗಲಿಸಿ ತೋರಿಸಿದಳು. ಎರಡು ಇಂಚು ಇರಬಹುದು. ಅತ್ತೆ ಆ ಅಳತೆಯನ್ನೇ ನೋಡುತ್ತಾ ಕೂತರು.

“ಉದ್ದ ಇದ್ದಳು ಹಾಗಾದ್ರೆ,” ಎಂದರು. “ನಮ್ಮ ಮನೆಯವರ ತೋಳು ಉದ್ದ.”

ನಾನು ಪೆನ್ನು ಕೆಳಗಿಟ್ಟೆ. ಬರೆದಿರುವ ಇಷ್ಟು ಪುಟದಲ್ಲಿ ಆ ಕೂಸಿನ ಬಗ್ಗೆ ಒಂದು ಸಾಲೂ ಇಲ್ಲ. ಬುಟ್ಟಿಯಲ್ಲಿ ಬಂದವಳು ನಾಲ್ಕು ವರ್ಷ ಆ ನಂಬರಿನಲ್ಲಿ ಬೆಳೆದಿದ್ದಾಳೆ, ಕೂರಲು ಕಲಿತಿದ್ದಾಳೆ, ನಡೆದಿದ್ದಾಳೆ, ಊಟಕ್ಕೆ ಕರೆದಾಗ ಬಂದಿದ್ದಾಳೆ. ಗ್ಯಾಸ್ ದೀಪ ಯಾವ ವರ್ಷ ಬಂತೆಂದು ಮೂರು ಪುಸ್ತಕ ತಿರುವಿ ನೋಡಿದವನಿಗೆ, ಅವಳೆಲ್ಲಿ ಅಂತ ಕೇಳಬೇಕೆಂದು ಹೊಳೆಯಲಿಲ್ಲ. ಹುಡುಗಿಗೆ ಹೊಳೆಯಲಿಲ್ಲ, ಗುಮಾಸ್ತನಿಗೆ ಹೊಳೆಯಲಿಲ್ಲ. ನಿಮಗೆ ಹೊಳೆದಿತ್ತೇ?

ಸೋಮವಾರ

ಬೆಳಿಗ್ಗೆ ಒಂಬತ್ತಕ್ಕೆ ಅತ್ತೆ, ಹುಡುಗಿ ಇಬ್ಬರೂ ಅನಾಥಾಲಯದ ಕಚೇರಿಯಲ್ಲಿದ್ದಾರೆ. (ಬಾಡಿಗೆ ಗಾಡಿ, ಒಂದು ಕುದುರೆ. ಮಂಜು ಇರಲಿಲ್ಲ.) ಭಾನುವಾರ ಇಬ್ಬರೂ ಏನು ಮಾತಾಡಿಕೊಂಡರೋ ನನಗೆ ತಿಳಿಯದು. ನನ್ನನ್ನು ಒಳಗೆ ಬಿಟ್ಟಿರಲಿಲ್ಲ.

ಮೇಲ್ವಿಚಾರಕಿಯನ್ನು ಮಕ್ಕಳೆಲ್ಲ ದೊಡ್ಡಮ್ಮ ಅನ್ನುತ್ತಾರೆ. ದೊಡ್ಡಮ್ಮ ಕಪಾಟಿನಿಂದ ದಪ್ಪ ಪುಸ್ತಕ ತಂದು ಧೂಳು ಹೊಡೆದು ಮೇಜಿನ ಮೇಲಿಟ್ಟರು. ನಂಬರ್, ಬಂದ ದಿನ, ವಯಸ್ಸು, ಹೋದ ದಿನ, ಕೊನೆಯಲ್ಲಿ ಕಾರಣ. ಈ ಕಾರಣದ ಮನೆಯಲ್ಲಿ ಸಾಮಾನ್ಯವಾಗಿ ಎರಡರಲ್ಲೊಂದು ಇರುತ್ತದೆ. ‘ತೀರಿಕೊಂಡಳು’ ಅಂತ, ಇಲ್ಲವೇ ‘ಸಾಕಲು ಕೊಡಲಾಯಿತು’ ಅಂತ. ಎರಡನೆಯದಾದರೆ ಒಂದು ವಿಳಾಸ.

ಯಾವುದು ಅಂತ ನಾನೇ ಬರೆಯಬೇಕು. ಬರೆಯಲು ಕೂತೆ.

ಹುಡುಗಿಯ ಕಣ್ಣು ಸಾಲಿನ ಉದ್ದಕ್ಕೂ ಹೋಗುತ್ತಿತ್ತು. ಬುಟ್ಟಿಯ ಕೂಸು, ಹನ್ನೊಂದು ದಿನ, ಹೋದ ದಿನ. ಅಷ್ಟರಲ್ಲಿ ಅತ್ತೆ ಕೊನೆಯ ಮನೆಯ ಮೇಲೆ ಅಂಗೈ ಇಟ್ಟರು.

“ತಾಳು.”

“ಓದಬೇಡವಾ?”

“ಓದೋಣ. ಈಗಲೇ ಬೇಡ. ಅವಳು ಬೇರೆ ಅಂತ ಗೊತ್ತಾಗಿ ನನಗೆ ಎರಡು ದಿನ ಆಯ್ತು. ಇಲ್ಲಿ ಸತ್ತಳು ಅಂತಿದ್ರೆ, ಎರಡೇ ದಿನಕ್ಕೆ ಅವಳು ಮುಗೀತಾಳೆ. ಬದುಕಿದ್ದಾಳೆ ಅಂತಿದ್ರೆ ನೀನು ಎದ್ದು ಹೋಗ್ತೀಯ. ಇರು ಅಂದ್ರೂ ಇರಲ್ಲ, ಮೂರು ವಾರದಲ್ಲಿ ನಿನ್ನ ಬುದ್ಧಿ ನೋಡಿದ್ದೀನಿ. ಕೈ ತೆಗೆದ ಮೇಲೆ ಒಬ್ಬಳು ಹೋಗೋದೇ. ಇನ್ನೂ ತೆಗೆದಿಲ್ಲ.”

ನನಗೆ ತಾಳ್ಮೆ ಕೆಟ್ಟಿತು. ಹನ್ನೊಂದಕ್ಕೆ ಪ್ರಮಾಣವಿದೆ, ಓದುಗರು ಕಾಯುತ್ತಿದ್ದಾರೆ, ಒಂದು ಪದ ಸಾಕು, ಕೈ ತೆಗೆಯಿರಿ ಎಂದೆ. ಅತ್ತೆ ನನ್ನ ಕಡೆ ನೋಡಲೂ ಇಲ್ಲ. ಹುಡುಗಿ ಮಾತ್ರ, ಸ್ವಲ್ಪ ಹೊತ್ತು ಸಾರ್ ಎಂದಳು. ಬಿರುಸಾಗಿ ಅಲ್ಲ. ಆಸ್ಪತ್ರೆಯಲ್ಲಿ ಒಳಗೆ ಯಾರೋ ಮಲಗಿರುವಾಗ ಬಾಗಿಲಲ್ಲಿ ಗದ್ದಲ ಮಾಡುವವರಿಗೆ ಹೇಳುತ್ತೇವಲ್ಲ, ಹಾಗೆ.

ಅಕ್ಕನಿಗೆ ಫೋನ್ ಮಾಡಿದೆ. ಏನಿದೆಯಂತೆ ಎಂದಳು. ಕೈ ಅಡ್ಡ ಇಟ್ಟಿದ್ದಾರೆ ಎಂದೆ. ಅವಳು ಮದುವೆಯ ವಿಷಯ ಎತ್ತದೆ, ಹಾಗಾದರೆ ನೀನೂ ಪೆನ್ನು ಮುಚ್ಚಿಟ್ಟು ಕೂತುಕೋ ಎಂದಳು.

ಇಲ್ಲಿಯವರೆಗೆ ಖಚಿತವಾದದ್ದು ಇಷ್ಟು. ಹನ್ನೊಂದು ಹೊಡೆದಿದೆ. ವಕೀಲರ ಕಚೇರಿಯಲ್ಲಿ ಗುಮಾಸ್ತ ಬಾಗಿಲ ಹತ್ತಿರ ನಿಂತು, ಇನ್ನೂ ಬಂದಿಲ್ಲ ಸಾರ್ ಎಂದು ಹೇಳಿದ್ದಾನೆ. ಇಲ್ಲಿ ಹುಡುಗಿ ಗೋಡೆಯ ಹತ್ತಿರವಿದ್ದ ಕುರ್ಚಿಯನ್ನು ಮೇಜಿಗೆ ಎಳೆದುಕೊಂಡು ಅತ್ತೆಯ ಪಕ್ಕ ಕೂತಿದ್ದಾಳೆ. ಅತ್ತೆಯ ಕೈ ಇದ್ದಲ್ಲೇ ಇದೆ. ಅದರ ಕೆಳಗೆ ಏನಿದೆ ಎಂದು ನಾನು ಬರೆದಿಲ್ಲ.

ದೊಡ್ಡಮ್ಮನಿಗೆ ಬೇರೆ ಕೆಲಸವಿತ್ತು. ಒಂದೆರಡು ಸಲ ಬಾಗಿಲವರೆಗೆ ಹೋಗಿ ಬಂದರು. ಆಮೇಲೆ, ಪುಸ್ತಕ ಮುಚ್ಚಲಾ ಎಂದು ಕೇಳಿದರು.

ಬೇಡ ಎಂದರು, ಇಬ್ಬರೂ ಒಟ್ಟಿಗೆ.